ಕೊಟ್ಟಿಗೆಯಲ್ಲಿದ್ದ ರೋಡ್‌ಕಿಂಗ್: ಹಳೇದು ಎಷ್ಟು ಉಳಿಸಬೇಕು, ಹೊಸದು ಎಷ್ಟು ಹಾಕಬೇಕು?

ಹೋದ ವರ್ಷ ರಾಗಿ ಒಕ್ಕಣೆ ಮುಗಿದ ಮೇಲೆ ಗುಜರಿಯವರ ಲಗೇಜ್ ಆಟೋ ನಮ್ಮೂರಿಗೆ ಬಂತು. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿರುವ ಊರು ನಮ್ಮದು. ಮೈಕಿನಲ್ಲಿ ‘ಹಳೇ ಕಬ್ಬಿಣ, ಹಳೇ ಬ್ಯಾಟ್ರಿ’ ಅಂತ ಕೂಗಿಕೊಂಡು ಬಂದವರು ನಮ್ಮ ಕೊಟ್ಟಿಗೆಯೊಳಗೆ ಬಗ್ಗಿ ನೋಡಿದರು. ಗೊಬ್ಬರದ ಚೀಲಗಳ ಹಿಂದೆ ಒಂದು ಗಾಡಿ ನಿಂತಿತ್ತು. ಟ್ಯಾಂಕಿನ ಮೇಲೆ ಕೋಳಿ ಹಿಕ್ಕೆ, ಸೀಟಿನೊಳಗೆ ಇಲಿ ಗೂಡು. 1984ರ ಯೆಜ್ಡಿ ರೋಡ್‌ಕಿಂಗ್. ಕೆಜಿ ಲೆಕ್ಕದಲ್ಲಿ ಬೆಲೆ ಹೇಳಿದರು.

ಅದೇ ವಾರ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ನಮ್ಮ ತಮ್ಮ ವಾಟ್ಸಾಪ್‌ನಲ್ಲಿ ಹಾಕಿದ್ದ ಫೋಟೋ ಕೈಯಿಂದ ಕೈಗೆ ಹೋಗಿ ಅವರಿಗೆ ಮುಟ್ಟಿತ್ತು. ಅವರು ಹೇಳಿದ ಬೆಲೆ ಕೇಳಿ ನಮ್ಮ ತಮ್ಮ ಎದ್ದು ನಿಂತ. ಆದರೆ ಅವರದೊಂದು ಷರತ್ತು: ‘ಏನೂ ಮುಟ್ಟಬೇಡಿ. ಹೊಸ ಪೇಂಟ್ ಬೇಡ, ಹೊಸ ಲೈಟ್ ಬೇಡ. ಒರಿಜಿನಲ್ ಆಗಿದ್ದರೆ ಮಾತ್ರ ಈ ರೇಟು.’

ನಮ್ಮಪ್ಪ ಎರಡೂ ಬೇಡ ಅಂದರು. ‘ಓಡೋ ಹಂಗೆ ಮಾಡ್ಕೊಡ್ರಪ್ಪ, ಸಾಕು.’

ನಮ್ಮಮ್ಮ ಒಳಗಿನಿಂದಲೇ ಇನ್ನೊಂದು ಷರತ್ತು ಹಾಕಿದರು. ‘ಆ ಮಿಣುಕು ಲೈಟು ಬದಲಾಯಿಸ್ದೆ ಆ ಗಾಡಿ ಈ ಹೊಸ್ಲು ದಾಟಂಗಿಲ್ಲ.’

ಅಮ್ಮನ ಮಾತಿಗೆ ಕಾರಣ ಇತ್ತು. ಹದಿನೈದು ವರ್ಷದ ಹಿಂದೆ ಮಧುಗಿರಿಯಿಂದ ರಾತ್ರಿ ಬರುವಾಗ, ಹಿಂದೆ ಕೆಂಪು ರೇಡಿಯಂ ಕೂಡ ಇಲ್ಲದೆ ರಸ್ತೆ ಮೇಲೆ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರಿಗೆ ಅಪ್ಪ ಗುದ್ದಿದ್ದರು. ಕಾಲು ಮುರಿಯಿತು. ಯೆಜ್ಡಿಯ ಹೆಡ್‌ಲೈಟಿಗೆ ಆ ಟ್ರೈಲರ್ ಕಂಡಿದ್ದೇ ಹತ್ತು ಅಡಿ ದೂರದಲ್ಲಿ. ಗಾಡಿ ಕೊಟ್ಟಿಗೆ ಸೇರಿದ್ದು ಅವತ್ತೇ.

ಹಾಗಾಗಿ ಬೆಂಗಳೂರಿನವರ ‘ಮುಟ್ಟಬೇಡಿ’ಗೂ ಅಮ್ಮನ ‘ಬದಲಾಯಿಸಿ’ಗೂ ನಡುವೆ ನಾವು ಸಿಕ್ಕಿಹಾಕಿಕೊಂಡೆವು. ಈ ಜಗಳ ನಮ್ಮ ಮನೆಯದು ಮಾತ್ರ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಲಂಡನ್ನಿನ ಶ್ರೀಮಂತರೂ ಇದೇ ಜಗಳ ಆಡುತ್ತಾರೆ.

ಸ್ಪೋರ್ಟ್ಸ್ ಕಾರನ್ನು ನಮ್ಮ ಕಡೆ ಯಾರು ಕಂಡಿದ್ದರು ಹೇಳಿ. ಹತ್ತಿರದ್ದು ಅಂದರೆ ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಕಂಪನಿ ಹೆರಾಲ್ಡ್ ಕಾರಿನ ಚಾಸಿಯನ್ನೇ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಕಟ್ಟಿತು. ನಮಗೆ ಬಂದಿದ್ದು ಅಣ್ಣ ಹೆರಾಲ್ಡ್, ತಮ್ಮ ಸ್ಪಿಟ್‌ಫೈರ್ ಅಲ್ಲೇ ಉಳಿದ. ನಮ್ಮ ಕಡೆಯ ಹುಡುಗರಿಗೆ ಸ್ಪೋರ್ಟ್ಸ್ ಗಾಡಿ ಅಂದರೆ ಮೈಸೂರಿನಿಂದ ಬಂದ ರೋಡ್‌ಕಿಂಗ್ ಒಂದೇ. ಅದಕ್ಕೇ ಅದರ ಚರಿತ್ರೆಯಿಂದಲೇ ಶುರು ಮಾಡುತ್ತೇವೆ.

ಜಾವಾ ಅನ್ನೋ ಹೆಸರಿಗೂ ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಸಂಬಂಧ ಇಲ್ಲ. ಜೆಕ್ ದೇಶದ ಫ್ರಾಂತಿಶೆಕ್ ಯಾನೆಚೆಕ್ ಮದ್ದುಗುಂಡು, ಶಸ್ತ್ರ ತಯಾರಿಸುತ್ತಿದ್ದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಬೇರೆ ಕೆಲಸ ಬೇಕಾಯಿತು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡರು. ತಮ್ಮ ಹೆಸರಿನ ಮೊದಲ ತುಂಡು ‘ಜಾ’, ವಾಂಡರರಿನ ‘ವಾ’, ಎರಡೂ ಸೇರಿ ಜಾವಾ.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ರಾಗ್ ಹಿಡಿದುಕೊಂಡಿದ್ದಾಗ ಅಲ್ಲಿನ ಎಂಜಿನಿಯರುಗಳು ಕದ್ದುಮುಚ್ಚಿ ಒಂದು 250 ಸಿಸಿ ಗಾಡಿ ರೂಪಿಸಿದರು. ಯುದ್ಧ ಮುಗಿದ ಕೂಡಲೇ 1946ರಲ್ಲಿ ಅದು ಹೊರಬಂತು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುವ ಉಪಾಯ ಅದರಲ್ಲೇ ಇತ್ತು. ನಮ್ಮ ಕಡೆ ಕ್ಲಚ್ ವೈರ್ ಕಿತ್ತು ಹೋದರೂ ಜಾವಾದವರು ತಳ್ಳಿಕೊಂಡು ಬರದೆ ಓಡಿಸಿಕೊಂಡೇ ಮನೆ ಸೇರುತ್ತಿದ್ದರಲ್ಲ, ಅದಕ್ಕೆ ಆ ಕದ್ದುಮುಚ್ಚಿ ಕೆಲಸ ಮಾಡಿದವರಿಗೆ ನಮಸ್ಕಾರ ಹೇಳಬೇಕು.

1950ರ ದಶಕದಲ್ಲಿ ಭಾರತ ಸರ್ಕಾರ ವಿದೇಶಿ ಗಾಡಿಗಳ ಆಮದು ಬಿಗಿ ಮಾಡಿತು. ಬೇಕಾದರೆ ಇಲ್ಲೇ ತಯಾರಿಸಿ ಅನ್ನೋ ಕಾಲ. ಎನ್‌ಫೀಲ್ಡ್ ಮದ್ರಾಸಿಗೆ ಬಂದಿದ್ದು ಹಾಗೆ. ಜಾವಾ ಆಮದು ಮಾಡಿ ಮಾರುತ್ತಿದ್ದ ಇರಾನಿ ಮನೆತನದ ರುಸ್ತಂ ಇರಾನಿ, ಫಾರೂಕ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಹಾಕಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಅದನ್ನು ಉದ್ಘಾಟಿಸಿದರು.

ಮೊದಲು ಬಂದಿದ್ದು ಜಾವಾ 250. ದುಂಡನೆ ಟ್ಯಾಂಕು, ಹೆಡ್‌ಲೈಟಿನ ತಲೆಯೊಳಗೇ ಸ್ಪೀಡೋಮೀಟರು, ಕಡುಗೆಂಪು ಬಣ್ಣ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಶಕ್ತಿ ಸುಮಾರು 12 ಎಚ್‌ಪಿ. ಜೆಕ್‌ನವರ ಜೊತೆಗಿನ ಒಪ್ಪಂದ ಮುಗಿದ ಮೇಲೆ 1970ರ ದಶಕದ ಶುರುವಿನಲ್ಲಿ ಅದೇ ಫ್ಯಾಕ್ಟರಿಯ ಗಾಡಿಗಳಿಗೆ ಯೆಜ್ಡಿ ಅಂತ ಹೆಸರಾಯಿತು. ಇರಾನ್ ದೇಶದ ಯಜ್ದ್ ಪಟ್ಟಣದಿಂದ ಬಂದ ಹೆಸರು ಅನ್ನುತ್ತಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿಯೇ, ಆದರೆ 16 ಎಚ್‌ಪಿ. ಜೆಕ್‌ನವರ ರೇಸ್ ಗಾಡಿಗಳ ಗಾಳಿ ಬೀಸಿದ್ದ ಮಾಡೆಲ್ಲು. ದುಂಡು ಮೈ ಹೋಗಿ ಚೌಕಾಕಾರ ಬಂತು, ಸ್ಪೀಡೋಮೀಟರ್ ಹೆಡ್‌ಲೈಟಿನಿಂದ ಹೊರಗೆ ಬಂತು. ನಮ್ಮಪ್ಪ ಕೊಂಡಿದ್ದು ಇದನ್ನೇ.

ರೋಡ್‌ಕಿಂಗ್ ತಂದ ಹೊಸದರಲ್ಲಿ ಅದನ್ನು ಕಿಕ್ ಹೊಡೆಯೋದನ್ನು ನೋಡಲು ಹುಡುಗರು ನಿಲ್ಲುತ್ತಿದ್ದರಂತೆ. ಯಾಕೆಂದರೆ ಕಿಕ್ಕರೇ ಕಾಣುವುದಿಲ್ಲ! ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಇಳಿಸಿದರೆ ಮತ್ತೆ ಗೇರು. ಗೊತ್ತಿಲ್ಲದವರು ಎಷ್ಟು ಹುಡುಕಿದರೂ ಸಿಗದು. ಕದಿಯೋಕೆ ಬಂದವರೂ ತಡಕಾಡಿ ಬಿಟ್ಟು ಹೋದ ಕತೆ ಊರೂರಲ್ಲಿ ಇದೆ. ನಿಮ್ಮೂರಲ್ಲೂ ಇರಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಒರಿಜಿನಲ್’ ಅನ್ನೋ ಮಾತು.

ನಮ್ಮ ಸೀಮೆಯಲ್ಲಿ ಯಾವ ಜಾವಾ ಯೆಜ್ಡಿಯೂ ಒರಿಜಿನಲ್ ಆಗಿ ಒಂದು ವರ್ಷಕ್ಕಿಂತ ಹೆಚ್ಚು ಬದುಕಲಿಲ್ಲ ಅನ್ನೋದು ನಮ್ಮ ಅಂದಾಜು. ತಂದ ತಿಂಗಳಿಗೇ ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಕ್ಕೊಂದು ಕ್ಯಾರಿಯರ್ ಕಟ್ಟಿಸುತ್ತಿದ್ದರು. ಅದರ ಮೇಲೆ ಹುಣಸೆಹಣ್ಣಿನ ಮೂಟೆ, ಪಾವಗಡದ ಕಡೆಯಾದರೆ ಕಡ್ಲೇಕಾಯಿ ಮೂಟೆ. ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಲು ಕೊಕ್ಕೆ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೆ ಒಳಗಿನ ಪೈಪು ಕಿತ್ತು ಬೆಂಕಿಗೆ ಹಾಕಿ ಸುಟ್ಟು, ತಟ್ಟಿ, ಮತ್ತೆ ತೂರಿಸುವುದು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಎಂಜಿನ್ನಿಗೆ ಹಿಂಸೆ ಕೊಟ್ಟವರೂ ಉಂಟು.

ಫ್ಯಾಕ್ಟರಿಯೇ ತಂದ ಹೊಸ ಸುಧಾರಣೆಯನ್ನು ಊರು ವಾಪಸ್ ಕಳಿಸಿದ್ದೂ ಉಂಟು. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 40 ಎಂಎಲ್. ಆ ತಾಪತ್ರಯ ತಪ್ಪಿಸಲು ಬೇರೆ ಆಯಿಲ್ ಪಂಪ್ ಇಟ್ಟ ‘ಆಯಿಲ್ ಕಿಂಗ್’ ಅನ್ನೋ ಮಾಡೆಲ್ ಬಂತು. ಆಲೋಚನೆ ಒಳ್ಳೆಯದೇ. ಆದರೆ ಪಂಪ್ ಕೈಕೊಟ್ಟರೆ ಎಂಜಿನ್ನಿಗೆ ಆಯಿಲ್ ಹೋಗುವುದಿಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡಿಸುವವರಿಗೆ ಅದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಮೆಕ್ಯಾನಿಕ್‌ಗಳು ಪಂಪ್ ಕಿತ್ತು ಪಕ್ಕಕ್ಕಿಟ್ಟು, ಮೊದಲಿನಂತೆ ಟ್ಯಾಂಕಿಗೇ ಆಯಿಲ್ ಸುರಿಯಿರಿ ಅಂದರು. ಆ ಮಾಡೆಲ್ ಬಹಳ ದಿನ ನಿಲ್ಲಲಿಲ್ಲ. ಹೊಸದು ಅಂದ ಮಾತ್ರಕ್ಕೆ ಹಾಕಿಕೊಳ್ಳಬಾರದು, ಕೆಟ್ಟರೆ ಏನಾಗುತ್ತದೆ ಅಂತ ಮೊದಲು ಕೇಳಬೇಕು ಅನ್ನೋದನ್ನು ನಾವು ಇದರಿಂದ ಕಲಿತೆವು. ಮುಂದೆ ಡಿಸ್ಕ್ ಬ್ರೇಕಿನ ಮಾತು ಬಂದಾಗ ಇದು ನೆನಪಿಗೆ ಬಂತು.

ಮೈಸೂರಿನಲ್ಲೂ ಗಾಡಿ ಬಿಚ್ಚಿ ತಿದ್ದುವ ಕೈಗಳಿಗೆ ಬರ ಇರಲಿಲ್ಲ. ಅಲ್ಲಿನ ಮೆಕ್ಯಾನಿಕ್ ಸೋಮೇಂದರ್ ಸಿಂಗ್ ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಗೀರು ಕೊರೆದರೆ ಪೆಟ್ರೋಲು ಚೆನ್ನಾಗಿ ಉರಿಯುತ್ತದೆ ಅಂತ ವಾದಿಸಿ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 2004ರಲ್ಲಿ ಅಲ್ಲಿನ ಪಾಪ್ಯುಲರ್ ಸೈನ್ಸ್ ಪತ್ರಿಕೆ ಅವರ ಬಗ್ಗೆ ದೊಡ್ಡ ಲೇಖನ ಬರೆಯಿತು.

ಯೆಜ್ಡಿಗೆ ಹೊಡೆತ ಬಿದ್ದಿದ್ದು 1980ರ ದಶಕದ ನಡುವಿನಲ್ಲಿ. ಜಪಾನಿನವರ ಜೊತೆ ಸೇರಿ ನಮ್ಮವರು 100 ಸಿಸಿ ಗಾಡಿ ತರಲು ಶುರು ಮಾಡಿದರು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಯಮಹಾ ಆರ್‌ಎಕ್ಸ್ 100 ಬಂತು. ಯೆಜ್ಡಿ ಲೀಟರಿಗೆ 30 ಕಿಲೋಮೀಟರ್ ಆಸುಪಾಸು ಕೊಟ್ಟರೆ ಸಿಡಿ 100 ಅದರ ದುಪ್ಪಟ್ಟಿಗೂ ಮೀರಿ ಕೊಡುತ್ತಿತ್ತು. ಆಯಿಲ್ ಬೆರೆಸುವ ಕೆಲಸ ಇಲ್ಲ, ಹೊಗೆ ಇಲ್ಲ. 1991ರಲ್ಲಿ ಹೊಗೆ ನಿಯಮ ಬಂತು, 1996ರಲ್ಲಿ ಇನ್ನೂ ಬಿಗಿಯಾಯಿತು. ಅದೇ 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಬಾಗಿಲು ಹಾಕಿತು. ಕೆಲಸಗಾರರು ಬೀದಿಗೆ ಬಂದರು. ಹಳೇ ಗಾಡಿಯ ಚೆಂದದ ಬಗ್ಗೆ ಬರೆಯುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ. ಗೇರ್ ಹಲ್ಲು ಕೊರೆಯುತ್ತಿದ್ದ ಕೈಗಳು ಆಮೇಲೆ ಏನು ಮಾಡಿದವು ಅನ್ನೋದೇ ಬೇರೆ ದೊಡ್ಡ ಬರಹ ಆಗಬೇಕು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಕಂಪನಿಯ ಕೈಯಲ್ಲಿ ವಾಪಸ್ ಬಂತು. ಅವು ನಾಲ್ಕು ಸ್ಟ್ರೋಕಿನ ಹೊಸ ಗಾಡಿಗಳು. ನಮ್ಮ ಕೊಟ್ಟಿಗೆಯ ಗಾಡಿಗೆ ಅವುಗಳ ಒಂದು ನಟ್ಟೂ ಹೊಂದುವುದಿಲ್ಲ.

ಹಾಗಾಗಿ ಮಧುಗಿರಿಯ ಹಳೇ ಮೆಕ್ಯಾನಿಕ್ ಸಾಬರ ಹತ್ತಿರ ಹೋದೆವು. ಎಪ್ಪತ್ತು ದಾಟಿದ ಜೀವ, ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಗಾಡಿ ನೋಡಿದ್ದೇ ಅಪ್ಪನ ಕಡೆ ತಿರುಗಿ, ‘ಯಜಮಾನ್ರೆ, ಇದು ನನ್ನ ಕೈಯಲ್ಲಿ ಎರಡು ಸಲ ಬೋರ್ ಆಗೈತೆ. ಒರಿಜಿನಲ್ ಪಿಸ್ಟನ್ ನಾನೇ ಕಿತ್ತು ಎಸ್ದಿದ್ದೀನಿ’ ಅಂದರು. ಬೆಂಗಳೂರಿನವರ ‘ಒರಿಜಿನಲ್’ ಅಲ್ಲಿಗೇ ಮುಗಿಯಿತು.

ಎಂಜಿನ್ ಬಿಚ್ಚಿದರು. ಕ್ರ್ಯಾಂಕಿನ ಬೇರಿಂಗ್ ತುಕ್ಕು ಹಿಡಿದಿತ್ತು, ಆಯಿಲ್ ಸೀಲುಗಳು ಬೆಂದ ಹಪ್ಪಳದಂತೆ ಮುರಿದವು. ಮೂರನೇ ಸಲ ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಿದ್ದಾಯಿತು. ಪೆಟ್ರೋಲ್ ಪೈಪು, ರಬ್ಬರ್ ವಾಷರುಗಳನ್ನು ಎಥನಾಲ್ ತಡೆಯುವ ಹೊಸ ರಬ್ಬರಿಗೆ ಬದಲಾಯಿಸಿದೆವು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು. ಅದು ಹಳೇ ರಬ್ಬರನ್ನು ಉಬ್ಬಿಸುತ್ತದೆ, ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿಗೆ ತುಕ್ಕು. ನಿಮ್ಮ ಮನೆಯಲ್ಲಿ ಹಳೇ ಗಾಡಿ ಇದ್ದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಡಿ. ಇದು ಒರಿಜಿನಲ್ಲಿನ ಪ್ರಶ್ನೆಯೇ ಅಲ್ಲ, ಪೆಟ್ರೋಲ್ ಬದಲಾದ ಮೇಲೆ ಪೈಪೂ ಬದಲಾಗಲೇಬೇಕು.

ಆಮೇಲೆ ಅಮ್ಮನ ಲೈಟು. ಯೆಜ್ಡಿಯದು 6 ವೋಲ್ಟಿನ ಸಂಸಾರ. 35 ವ್ಯಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಸುಮಾರು 6 ಆಂಪ್ ಕರೆಂಟ್ ಹರಿಯಬೇಕು. 12 ವೋಲ್ಟ್ ಆದರೆ 3 ಆಂಪ್ ಸಾಕು. ಹಳೇ ವೈರು, ತುಕ್ಕು ಹಿಡಿದ ಕನೆಕ್ಷನ್ನಿನಲ್ಲಿ ಕರೆಂಟು ಎರಡು ಪಟ್ಟು ಹರಿದರೆ ದಾರಿಯಲ್ಲಿ ಸೋರಿಹೋಗುವುದು ನಾಲ್ಕು ಪಟ್ಟು. ಬಲ್ಬಿಗೆ ಮುಟ್ಟುವುದು ಉಳಿದಿದ್ದು. ಸಾಲದ್ದಕ್ಕೆ ಎಂಜಿನ್ ನಿಧಾನ ಆದರೆ ಡೈನಮೋ ಕೂಡ ಕರೆಂಟು ಕಡಿಮೆ ಮಾಡುತ್ತದೆ. ರಾತ್ರಿ ಹೊತ್ತು ಹಳ್ಳ ಕಂಡು ನಿಧಾನ ಮಾಡಿದಿರೋ, ಲೈಟು ಮಂಕಾಗಿ ಹಳ್ಳವೇ ಕಾಣುವುದಿಲ್ಲ.

ಇದಕ್ಕೆ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಸಿಗುತ್ತದೆ. ಜೆಕ್ ದೇಶದ ವೇಪ್ ಕಂಪನಿ ಹಳೇ ಜಾವಾಗಳಿಗಂತಲೇ ಮಾಡುತ್ತದೆ, ನಮ್ಮ ದೇಶದಲ್ಲೂ ಅಗ್ಗದ ಕಿಟ್‌ಗಳಿವೆ. ಡೈನಮೋ ತೆಗೆದು ಅದೇ ಜಾಗಕ್ಕೆ ಕೂರಿಸುವುದು, ಚಾಸಿಗೆ ಒಂದು ತೂತೂ ಕೊರೆಯಬೇಕಿಲ್ಲ. ಇದರಿಂದ ಇನ್ನೊಂದು ಪೀಡೆಯೂ ಹೋಗುತ್ತದೆ. ಹಳೇ ಗಾಡಿಯಲ್ಲಿ ಪಾಯಿಂಟ್ ಸೆಟ್ ಇರುತ್ತದೆ, ನಡುವೆ 0.4 ಮಿಲಿಮೀಟರ್ ಸಂದು ಬಿಡಬೇಕು. ಅದು ಉಜ್ಜಿ ಸವೆದಂತೆಲ್ಲ ಕಿಡಿ ಹೊತ್ತುವ ಹೊತ್ತು ತಪ್ಪುತ್ತದೆ, ಕಿಕ್ಕರ್ ತಿರುಗಿ ಮೊಣಕಾಲ ಕೆಳಗೆ ಬಾರಿಸುತ್ತದೆ. ಹಳೇ ಯೆಜ್ಡಿ ಸವಾರರ ಎಡಗಾಲು ನೋಡಿ, ಗುರುತು ಇರುತ್ತದೆ. ಹೊಸ ಕಿಟ್ಟಿನಲ್ಲಿ ಉಜ್ಜುವ ಭಾಗವೇ ಇಲ್ಲ.

ಆದರೆ ಇಲ್ಲೂ ಆಯಿಲ್ ಕಿಂಗಿನ ಪ್ರಶ್ನೆ ಇದೆ: ಕೆಟ್ಟರೆ? ಪಾಯಿಂಟ್ ಕೆಟ್ಟರೆ ಬೀಡಿ ಪ್ಯಾಕಿನ ಕಾಗದ ತೂರಿಸಿ ಉಜ್ಜಿ ಮನೆಗೆ ಬರಬಹುದು. ಎಲೆಕ್ಟ್ರಾನಿಕ್ ಡಬ್ಬಿ ಸತ್ತರೆ ಸತ್ತಿತು. ಸಾಬರು ಈ ಮಾತನ್ನು ಬಿಡದೆ ಹೇಳಿದರು. ಕಾಲು ಮುರಿದುಕೊಳ್ಳುವುದಕ್ಕಿಂತ ತಳ್ಳಿಕೊಂಡು ಬರುವುದು ವಾಸಿ ಅಂತ ನಾವು ತೀರ್ಮಾನಿಸಿದೆವು.

ತಮ್ಮನ ಆಸೆ ಮುಂದಿನ ಡಿಸ್ಕ್ ಬ್ರೇಕ್. ಮಾಡಬಹುದು, ಬೇರೆ ಗಾಡಿಯ ಫೋರ್ಕು ಚಕ್ರ ತಂದು ಬಹಳ ಜನ ಹಾಕಿದ್ದಾರೆ. ಎರಡು ಸ್ಟ್ರೋಕಿನ ಗಾಡಿ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಕೊಡುವುದು ಕಡಿಮೆ, ದೇವರಾಯನದುರ್ಗದ ಘಾಟಿ ಇಳಿಯುವಾಗ ಬ್ರೇಕೇ ಗತಿ, ಹಾಗಾಗಿ ಅವನ ವಾದ ಸುಳ್ಳಲ್ಲ. ಆದರೆ ಅದಕ್ಕೆ ಮುಂದಿನ ಭಾಗವನ್ನೇ ಬದಲಾಯಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ತಿದ್ದುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನಾವು ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ, ಹೊಸ ಲೈನರ್, ಹೊಸ ಕೇಬಲ್, ಹೊಸ ಟೈರ್ ಹಾಕಿಸಿದೆವು. ಅಪ್ಪ ಓಡಿಸುವ ನಲವತ್ತು ಐವತ್ತರ ಸ್ಪೀಡಿಗೆ ಅದು ಸಾಕು. ತಮ್ಮ ಓಡಿಸುವ ಸ್ಪೀಡಿಗೆ ಸಾಲದು, ಅದಕ್ಕೆ ಕೀ ಅಪ್ಪನ ಹತ್ತಿರ ಇದೆ.

ಇಂಥ ತಿದ್ದುಪಡಿಗೆ ಹೊರದೇಶದಲ್ಲಿ ರೆಸ್ಟೊಮಾಡ್ ಅನ್ನುತ್ತಾರೆ. ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿನವರು ಮಾಡಿಸುವುದೂ ಇದನ್ನೇ: ಡೈನಮೋ ಬದಲು ಆಲ್ಟರ್ನೇಟರ್, ಪಾಯಿಂಟ್ ಬದಲು ಎಲೆಕ್ಟ್ರಾನಿಕ್, ಐದು ಗೇರು. ಜಾಗ್ವಾರ್ ಕಂಪನಿ 2017ರಲ್ಲಿ ತನ್ನದೇ ಇ-ಟೈಪ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಕಿತ್ತು ಬ್ಯಾಟರಿ ಮೋಟರು ಹಾಕಿ ತೋರಿಸಿತು. ಮರುವರ್ಷ ರಾಜಕುಮಾರ ಹ್ಯಾರಿ ಮದುವೆ ದಿನ ಅದರಲ್ಲೇ ಹೆಂಡತಿಯನ್ನು ಕೂರಿಸಿಕೊಂಡು ಹೋದರು. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ಮಾತ್ರ ಮೂಗು ಮುರಿಯಿತು. ಎಂಜಿನ್ ತೆಗೆದ ಮೇಲೆ ಅದನ್ನು ಚಾರಿತ್ರಿಕ ವಾಹನ ಅನ್ನಲಾಗದು ಅಂತ ಅದರ ನಿಲುವು. ಆದರೂ ಬದಲಾಯಿಸುವವರಿಗೆ ಒಂದು ಬುದ್ಧಿಮಾತು ಹೇಳಿತು: ಮತ್ತೆ ಮೊದಲಿನಂತೆ ಮಾಡಲು ಬರುವ ಹಾಗೆ ಬದಲಾಯಿಸಿ, ತೆಗೆದ ಪ್ರತಿ ಭಾಗಕ್ಕೂ ಗುರುತು ಹಾಕಿ ಜೋಪಾನವಾಗಿಡಿ.

ಇದು ನಮಗೆ ಹಿಡಿಸಿತು. ಕಾರಣ ನಮ್ಮ ಸರ್ಕಾರದ 2021ರ ವಿಂಟೇಜ್ ನಿಯಮ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇಲ್ಲದ ಗಾಡಿಗೆ ‘ವಿಎ’ ಅಕ್ಷರ ಇರುವ ಬೇರೆ ನಂಬರ್ ಕೊಡುತ್ತಾರೆ. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ನಮ್ಮ ಗಾಡಿಗೆ 50 ತುಂಬುವುದು 2034ಕ್ಕೆ. ಆದರೆ ವಿಂಟೇಜ್ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಇಷ್ಟಕ್ಕೇ ರಸ್ತೆಗೆ ಇಳಿಯಬೇಕು. ಅಂದರೆ ಆ ನಂಬರ್ ಹಾಕಿದರೆ ಅಪ್ಪ ಸಂತೆಗೆ ಹೋಗುವ ಹಾಗಿಲ್ಲ. ಸದ್ಯಕ್ಕೆ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸುವ ದಾರಿಯನ್ನೇ ಹಿಡಿದಿದ್ದೇವೆ. 2034ರಲ್ಲಿ ಬೇಕಾದವರು ಬೇಕಾದ್ದು ಮಾಡಿಕೊಳ್ಳಲಿ.

ಅದಕ್ಕೇ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ಡೈನಮೋ, ಪಾಯಿಂಟ್ ಸೆಟ್, 6 ವೋಲ್ಟಿನ ಕಾಯಿಲ್, ಹಳೇ ವೈರಿಂಗ್, ಎಲ್ಲಕ್ಕೂ ಚೀಟಿ ಕಟ್ಟಿದ್ದೇವೆ. ಕ್ರೋಮ್ ಮಾಡಲು ಕೊಟ್ಟಿದ್ದ ಒಂದು ಸೈಡ್ ಪಟ್ಟಿ ಮಾತ್ರ ವಾಪಸ್ ಬರಲಿಲ್ಲ, ಆ ಅಂಗಡಿಯವರು ಕೊಟ್ಟೇ ಇಲ್ಲ ಅಂತ ಸಾಧಿಸಿಬಿಟ್ಟರು. ಒಟ್ಟು ಖರ್ಚು ಒಂದು ಹೊಸ 100 ಸಿಸಿ ಗಾಡಿಯ ಅರ್ಧ ಬೆಲೆ ದಾಟಿತು. ಲಾಭದ ಲೆಕ್ಕ ಹಾಕುವವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಮೈಸೂರು ಬೆಂಗಳೂರಿನಲ್ಲಿ ಸಾಲುಗಟ್ಟಿ ಓಡಿಸುತ್ತಾರೆ. ಹೋಗೋಣ್ವಾ ಅಂತ ಅಪ್ಪನನ್ನು ಕೇಳಿದೆವು. ‘ಅಷ್ಟು ದೂರ ಯಾಕ್ ಬೇಕು’ ಅಂದು ಕೊರಟಗೆರೆಗೆ ಹೋಗಿ ಕತ್ತಲಾದ ಮೇಲೆ ಬಂದರು. ದೂರದಿಂದಲೇ ಬೆಳಕು ಕಂಡಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ.

ಅಪ್ಪನಿಗೆ ಒಂದೇ ತಕರಾರು. 12 ವೋಲ್ಟ್ ಆದ ಮೇಲೆ ಹಾರನ್ನೂ ಬದಲಾಯಿಸಬೇಕಾಯಿತಲ್ಲ, ಈಗಿನದು ಕಾರಿನ ಹಾರನ್ ಥರ ಕೂಗುತ್ತದೆ. ‘ನಮ್ ಗಾಡಿ ಬಂತು ಅಂತ ದನಗಳಿಗೇ ಗೊತ್ತಾಗ್ತಿಲ್ಲ’ ಅನ್ನುತ್ತಾರೆ. ಹಳೇ ಹಾರನ್ ಪೆಟ್ಟಿಗೆಯಲ್ಲಿದೆ. ಅದಕ್ಕೂ ಚೀಟಿ ಕಟ್ಟಿದ್ದೇವೆ.